ಮಕ್ಕಳ ಆತ್ಮಕಲ್ಪನೆಯೂ ಶಾಲಾಪ್ರಗತಿಯೂ : ಒಂದು ವಿಮರ್ಶೆ

ಶಿಕ್ಷಣಶಾಸ್ತ್ರ ಮತ್ತು ಮನಶ್ಶಾಸ್ತ್ರದ ವಿಭಾಗಗಳಲ್ಲಿ ಸಿದ್ಧವಾಗುವ ಪ್ರಬಂಧಗಳನ್ನು ತಿರುವಿ ನೋಡಿದವರಿಗೆ ಒಂದು ವಿಷಯ ಚಿರಪರಿಚಿತವಾಗಿರುತ್ತದೆ. ಮಕ್ಕಳು ತಮ್ಮನ್ನು ಕುರಿತು ತಳೆದಿರುವ ಕಲ್ಪನೆಗೂ ಅವರ ಶಾಲಾಪ್ರಗತಿಗೂ ಇರುವ ಸಂಬಂಧವೇ ಆ ವಿಷಯ. ಇಂಥ ಪ್ರಬಂಧಗಳ ನಡಿಗೆಯೂ ಬಹುಮಟ್ಟಿಗೆ ಒಂದೇ ತೆರನಾದುದು. ಕೆಲವು ಪ್ರೌಢಶಾಲೆಗಳನ್ನು ಆರಿಸಿಕೊಳ್ಳುವುದು. ಇಂಗ್ಲಿಷಿನಿಂದಲೋ ಹಿಂದಿಯಿಂದಲೋ ಕನ್ನಡಿಸಿದ ಒಂದು ಪ್ರಶ್ನಾವಳಿಯನ್ನು ಮಕ್ಕಳ ಕೈಗೆ ಕೊಡುವುದು. ಹಿಂದಿನ ವರ್ಷದ ಪರೀಕ್ಷೆಯ ಅಂಕಗಳನ್ನು ಶಾಲೆಯ ದಫ್ತರದಿಂದ ತೆಗೆದುಕೊಳ್ಳುವುದು. ಎರಡಕ್ಕೂ ಸಹಸಂಬಂಧವನ್ನು ಗುಣಿಸುವುದು. ಅದು ಧನಾತ್ಮಕವಾಗಿದೆಯೆಂದು ಕಂಡು, ಶಿಕ್ಷಕರು ಮಕ್ಕಳ ಆತ್ಮಕಲ್ಪನೆಯನ್ನು ಎತ್ತರಿಸತಕ್ಕದ್ದೆಂದು ಶಿಫಾರಸು ಮಾಡುವುದು. ಗಣಿತ ಸರಿಯಾಗಿರುತ್ತದೆ, ಕೋಷ್ಟಕಗಳು ಅಂದವಾಗಿರುತ್ತವೆ. ಆದರೆ ಆ ಶಿಫಾರಸು ಆ ಗಣಿತದಿಂದ ಹೊರಡುತ್ತದೆಯೇ ಎಂದು ಕೇಳುವವರು ವಿರಳ. ಅದಕ್ಕಿಂತಲೂ ವಿರಳವಾದ ಪ್ರಶ್ನೆಯೊಂದಿದೆ: ಕನ್ನಡದಲ್ಲಿ ಮಾತನಾಡಿ, ಕನ್ನಡದಲ್ಲಿ ಬೈಸಿಕೊಂಡು, ಕನ್ನಡದಲ್ಲಿ ಹೊಗಳಿಸಿಕೊಂಡು ಬೆಳೆದ ಮಗು ತನ್ನ ಬಲ್ಮೆಯನ್ನು ಯಾವ ಮಾತಿನಲ್ಲಿ ಎಣಿಸಿಕೊಳ್ಳುತ್ತದೆ? ಪ್ರಕೃತ ಲೇಖನವು ಈ ಎರಡು ಪ್ರಶ್ನೆಗಳನ್ನು, ಅದರಲ್ಲಿಯೂ ಎರಡನೆಯದನ್ನು, ವಿಚಾರಿಸಲು ಹೊರಟಿದೆ.

ಮೊದಲು ಪರಿಭಾಷೆಯ ಮಾತು. ‘ಆತ್ಮ’ವೆಂದೊಡನೆ ನಮ್ಮ ಓದುಗರಿಗೆ ವೇದಾಂತದ ನೆನಪಾಗುವುದು ಸಹಜ. ಇಲ್ಲಿ ಆ ಅರ್ಥದ ಲೇಶವೂ ಇಲ್ಲ. ‘ನಾನು ಎಂಥವನು, ನನ್ನಿಂದ ಏನು ಆದೀತು, ಏನು ಆಗದು’ ಎಂದು ಮಗು ತನ್ನಷ್ಟಕ್ಕೆ ಕಟ್ಟಿಕೊಂಡ ಚಿತ್ರವನ್ನು ಮಾತ್ರ ಆತ್ಮಕಲ್ಪನೆಯೆಂದು ಕರೆದಿದ್ದೇವೆ. ಈ ಚಿತ್ರಕ್ಕೆ ಮಗು ಕಟ್ಟುವ ಬೆಲೆ ಆತ್ಮಗೌರವ. ಇವೆರಡೂ ಬೇರೆ ಬೇರೆ. ಅವುಗಳನ್ನು ಕಲಸಿದ್ದರಿಂದಲೇ ಈ ಕ್ಷೇತ್ರದ ಅರ್ಧ ಗೊಂದಲ ಹುಟ್ಟಿದೆ.

ಗೊಂದಲಕ್ಕೆ ಕಾರಣವಾಗಬೇಕಾದ ಅವಶ್ಯಕತೆಯಿರಲಿಲ್ಲ. ೧೮೯೦ರಲ್ಲಿಯೇ ವಿಲಿಯಂ ಜೇಮ್ಸನು ತನ್ನ ಮನಶ್ಶಾಸ್ತ್ರದ ಮಹಾಗ್ರಂಥದಲ್ಲಿ ಆತ್ಮಗೌರವವನ್ನು ಒಂದು ಭಿನ್ನರಾಶಿಯಾಗಿ ಬರೆದು ತೋರಿಸಿದ್ದನು: ಸಿದ್ಧಿಯು ಅಂಶ, ಆಕಾಂಕ್ಷೆಯು ಛೇದ. ಸಿದ್ಧಿಯನ್ನು ಹೆಚ್ಚಿಸಿದರೆ ಭಾಗಲಬ್ಧ ಹೆಚ್ಚುತ್ತದೆ; ಆಕಾಂಕ್ಷೆಯನ್ನು ತಗ್ಗಿಸಿದರೂ ಅಷ್ಟೇ ಹೆಚ್ಚುತ್ತದೆ. ೧೯೦೨ರಲ್ಲಿ ಚಾರ್ಲ್ಸ್ ಕೂಲಿಯು ಮನುಷ್ಯನು ಇತರರ ಕಣ್ಣೆಂಬ ಕನ್ನಡಿಯಲ್ಲಿ ತನ್ನ ಮುಖವನ್ನು ನೋಡಿಕೊಳ್ಳುತ್ತಾನೆಂದು ಹೇಳಿದನು. ಮುಂದಿನ ನೂರು ವರ್ಷಗಳ ಸಂಶೋಧನೆಯೆಲ್ಲ ಈ ಇಬ್ಬರ ಮಾತಿಗೆ ಬರೆದ ಭಾಷ್ಯವೆಂದರೆ ಅತಿಶಯೋಕ್ತಿಯಾಗಲಾರದು.

ಅಂಕಿಗಳ ಯುಗ ಆರಂಭವಾದದ್ದು ೧೯೬೪ರಲ್ಲಿ. ಅಮೇರಿಕದ ಮಿಶಿಗನ್ ಪ್ರಾಂತದಲ್ಲಿ ವಿಲ್ಬರ್ ಬ್ರೂಕೋವರ್ ಮತ್ತು ಅವರ ಸಹೋದ್ಯೋಗಿಗಳು ಏಳನೆಯ ತರಗತಿಯ ಸಾವಿರಕ್ಕೂ ಮಿಕ್ಕ ಮಕ್ಕಳನ್ನು ಪರೀಕ್ಷಿಸಿ, ಮಕ್ಕಳು ತಮ್ಮ ಓದಿನ ಸಾಮರ್ಥ್ಯವನ್ನು ಕುರಿತು ಎಣಿಸಿಕೊಂಡದ್ದಕ್ಕೂ ಅವರು ಪಡೆದ ಅಂಕಗಳಿಗೂ ೦.೫೭ರ ಸಹಸಂಬಂಧವಿದೆಯೆಂದು ಪ್ರಕಟಿಸಿದರು. ಬುದ್ಧಿಲಬ್ಧವನ್ನು ಲೆಕ್ಕದಿಂದ ಕಳೆದ ಮೇಲೂ ಸಂಬಂಧ ಉಳಿಯಿತು. ಈ ಫಲಿತಾಂಶವನ್ನು ಉದ್ಧರಿಸದ ಪ್ರಬಂಧವಿಲ್ಲ. ಆದರೆ ಬ್ರೂಕೋವರ್ ಕೇಳಿದ್ದು ‘ಓದಿನ ಸಾಮರ್ಥ್ಯ’ವನ್ನು ಕುರಿತು, ‘ನೀನು ಎಂಥವನು’ ಎಂಬುದನ್ನು ಕುರಿತಲ್ಲ. ಈ ವ್ಯತ್ಯಾಸವನ್ನು ಉದ್ಧರಿಸುವವರು ಮರೆಯುತ್ತಾರೆ. ೧೯೮೨ರಲ್ಲಿ ಹ್ಯಾನ್ಸ್‌ಫರ್ಡ್ ಮತ್ತು ಹ್ಯಾಟಿ ಎಂಬವರು ೧೨೮ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಸರಾಸರಿ ಸಹಸಂಬಂಧವು ೦.೨೧ಕ್ಕೆ ಇಳಿಯಿತು. ೦.೨೧ ಎಂದರೆ, ಮಗುವಿನಿಂದ ಮಗುವಿಗೆ ಅಂಕಗಳಲ್ಲಿ ಕಾಣುವ ವ್ಯತ್ಯಾಸದ ನೂರರಲ್ಲಿ ನಾಲ್ಕು ಪಾಲು ಮಾತ್ರ ಈ ಕಲ್ಪನೆಯೊಡನೆ ಹೊಂದಿಕೊಳ್ಳುತ್ತದೆ. ಓದಿನ ಸಾಮರ್ಥ್ಯವನ್ನೇ ಕೇಳಿದ ಅಧ್ಯಯನಗಳನ್ನು ಬೇರೆ ತೆಗೆದರೆ ಸಂಖ್ಯೆ ೦.೪೨ರಷ್ಟಾಗುತ್ತದೆ. ಅಂದಮೇಲೆ ‘ಆತ್ಮಕಲ್ಪನೆ’ ಎಂಬ ಒಂದೇ ಹೆಸರಿನ ಕೆಳಗೆ ಎರಡು ಬೇರೆ ವಸ್ತುಗಳನ್ನು ಅಳೆಯಲಾಗುತ್ತಿದೆ ಎಂದಾಯಿತು.

ಯಾವುದು ಮೊದಲು, ಯಾವುದು ಅನಂತರ ಎಂಬ ಪ್ರಶ್ನೆಯಲ್ಲಿ ಪರಿಸ್ಥಿತಿ ಇನ್ನೂ ನಾಜೂಕಾಗಿದೆ. ೧೯೭೭ರಲ್ಲಿ ಕ್ಯಾಲ್ಸಿನ್ ಮತ್ತು ಕೆನಿ ಎಂಬವರು ಬ್ರೂಕೋವರರ ಸಾಮಗ್ರಿಯನ್ನೇ ಕಾಲಾನುಕ್ರಮದಲ್ಲಿ ಪರಿಶೀಲಿಸಿ, ಅಂಕಗಳು ಮುಂದೆ ಹೋಗುತ್ತವೆ, ಕಲ್ಪನೆ ಹಿಂದೆ ಬರುತ್ತದೆ ಎಂಬ ತೀರ್ಮಾನಕ್ಕೆ ಬಂದರು. ಆಮೇಲಿನ ಸಂಶೋಧಕರು ಸಂಬಂಧ ಎರಡು ಕಡೆಗೂ ಹರಿಯುತ್ತದೆಂದು ಸಾಧಿಸಿದ್ದಾರೆ. ಆದರೆ ೨೦೦೪ರಲ್ಲಿ ವ್ಯಾಲೆಂಟೈನ್, ದುಬುವಾ, ಕೂಪರ್ ಅವರು ಕಾಲಾನುಕ್ರಮದ ಅಧ್ಯಯನಗಳನ್ನೆಲ್ಲ ಕೂಡಿಸಿ ನೋಡಿದಾಗ, ಹಿಂದಿನ ಅಂಕಗಳ ಪ್ರಭಾವವನ್ನು ತೆಗೆದ ಮೇಲೆ ಕಲ್ಪನೆಯಿಂದ ಮುಂದಿನ ಅಂಕಗಳಿಗೆ ಹರಿಯುವ ಪ್ರಭಾವ ೦.೦೮ರಷ್ಟು ಕೃಶವಾಗಿತ್ತು. ಇದು ಶೂನ್ಯವಲ್ಲ, ಆದರೆ ಶಿಫಾರಸುಗಳ ಭಾರವನ್ನು ಹೊರುವಷ್ಟು ದೃಢವೂ ಅಲ್ಲ. ಕ್ಯಾಲಿಫೋರ್ನಿಯ ಸರಕಾರವು ೧೯೮೬ರಲ್ಲಿ ಆತ್ಮಗೌರವವನ್ನು ವರ್ಧಿಸುವುದಕ್ಕಾಗಿಯೇ ಒಂದು ಸಮಿತಿಯನ್ನು ನೇಮಿಸಿ, ಸಮಾಜದ ಹಲವು ರೋಗಗಳಿಗೆ ಅದೇ ಮದ್ದೆಂದು ಸಾರಿತು. ೨೦೦೩ರಲ್ಲಿ ಬೌಮೈಸ್ಟರ್ ಮೊದಲಾದವರು ಆ ಮದ್ದಿನ ಪರೀಕ್ಷೆ ನಡೆಸಿ, ಬರಿಯ ಹೊಗಳಿಕೆಯಿಂದ ಆತ್ಮಗೌರವವನ್ನು ಹೆಚ್ಚಿಸಿದರೆ ಓದು ಸುಧಾರಿಸುವುದಿಲ್ಲವೆಂದು ತೋರಿಸಿದರು. ‘ಶಿಕ್ಷಕರು ಆತ್ಮಕಲ್ಪನೆಯನ್ನು ಎತ್ತರಿಸತಕ್ಕದ್ದು’ ಎಂಬ ನಮ್ಮ ಪ್ರಬಂಧಗಳ ಕೊನೆಯ ಸಾಲು ಇಷ್ಟಾದ ಮೇಲೂ ಹಾಗೆಯೇ ಅಚ್ಚಾಗುತ್ತಿರುವುದು ಆಶ್ಚರ್ಯದ ಸಂಗತಿ.

ಹಾಗಾದರೆ ವಿಷಯವನ್ನೇ ಕೈಬಿಡತಕ್ಕದ್ದೇ? ಹಾಗೆಂದು ನಮ್ಮ ಅಭಿಪ್ರಾಯವಲ್ಲ. ಅಂಕಗಳ ಮೇಲೆ ಪ್ರಭಾವ ಕೃಶವಾಗಿದ್ದರೂ, ಮಗು ಯಾವ ವಿಷಯವನ್ನು ಆರಿಸಿಕೊಳ್ಳುತ್ತದೆ, ಎಲ್ಲಿಯವರೆಗೆ ಶಾಲೆಯಲ್ಲಿ ನಿಲ್ಲುತ್ತದೆ ಎಂಬುದರ ಮೇಲೆ ಅದರ ಪ್ರಭಾವ ಹೆಚ್ಚಿನದು. ಆಸ್ಟ್ರೇಲಿಯದ ಹರ್ಬರ್ಟ್ ಮಾರ್ಷ್ ಮತ್ತು ಯೂಂಗ್ ಅವರು ೧೯೯೭ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಿದ್ಯಾರ್ಥಿಗಳು ಮುಂದೆ ಯಾವ ವಿಷಯವನ್ನು ಓದಲು ಆರಿಸಿಕೊಂಡರೆಂಬುದನ್ನು ಅವರ ಅಂಕಗಳಿಗಿಂತ ಆಯಾ ವಿಷಯದ ಆತ್ಮಕಲ್ಪನೆಯೇ ಚೆನ್ನಾಗಿ ಸೂಚಿಸಿತು. ನಮ್ಮಲ್ಲಿ ಈ ಮಾತಿನ ಬೆಲೆ ಇನ್ನೂ ಹೆಚ್ಚು. ಊರಿನ ಶಾಲೆ ಮುಗಿದು, ಪ್ರೌಢಶಾಲೆಗೆ ಬೇರೆ ಊರಿಗೆ ಹೋಗಬೇಕಾದ ಘಟ್ಟದಲ್ಲಿ ಮಗುವನ್ನು ಮುಂದೆ ಓದಿಸಬೇಕೋ ಬೇಡವೋ ಎಂಬ ಮಾತು ಮನೆಯಲ್ಲಿ ಬರುತ್ತದೆ. ಆಗ ಅಂಕಪಟ್ಟಿಯನ್ನು ತೆಗೆದು ನೋಡುವವರು ಕಡಿಮೆ. ‘ಅವಗ ಓದು ತಲಿಗೆ ಹತ್ತಂಗಿಲ್ಲ’ ಎಂಬ ಒಂದು ಮಾತು ಅಲ್ಲಿ ನಿರ್ಣಯವನ್ನು ಮಾಡಿಬಿಡುತ್ತದೆ. ಮಗುವೂ ಆ ಮಾತಿಗೆ ತಲೆದೂಗಿದರೆ ಪ್ರಕರಣ ಅಲ್ಲಿಗೆ ಮುಗಿಯಿತು.

ಜೇಮ್ಸನ ಭಿನ್ನರಾಶಿ ಈ ಸನ್ನಿವೇಶವನ್ನು ಚೆನ್ನಾಗಿ ಬೆಳಗುತ್ತದೆ. ಗೋಕಾಕ, ಹುಕ್ಕೇರಿ, ಮೊದಲು ಗೋಕಾಕಕ್ಕೆ ಸೇರಿದ್ದು ಈಗ ಬೇರೆ ತಾಲೂಕಾಗಿರುವ ಮೂಡಲಗಿ — ಈ ಸೀಮೆಯ ಕುರುಬರ ಮನೆಯ ಹುಡುಗನೊಬ್ಬನನ್ನು ಕಲ್ಪಿಸಿಕೊಳ್ಳೋಣ. ಹಿಂಡಿನ ಪ್ರತಿಯೊಂದು ಕುರಿಯನ್ನು ಅವನು ಮುಖ ನೋಡಿ ಗುರುತಿಸಬಲ್ಲ. ಕಾಣೆಯಾದದ್ದು ಯಾವುದೆಂದು ಎಣಿಸದೆಯೇ ಹೇಳಬಲ್ಲ. ಗರಡಿಯಲ್ಲಿ ತನ್ನ ಓರಗೆಯವರನ್ನು ಕೆಡವಬಲ್ಲ. ಶಾಲೆಯಲ್ಲಿ ಅವನ ಸಿದ್ಧಿ ಅಲ್ಪ. ಅವನು ಛೇದವನ್ನು ತಗ್ಗಿಸಿಕೊಳ್ಳುತ್ತಾನೆ: ‘ನಮಗ್ಯಾಕ ಸಾಲಿ?’ ಎನ್ನುತ್ತಾನೆ. ಆ ಕ್ಷಣದಿಂದ ಶಾಲೆಯಲ್ಲಿ ಎಷ್ಟು ಸೋತರೂ ಅವನ ಆತ್ಮಗೌರವಕ್ಕೆ ಊನವಿಲ್ಲ. ನಮ್ಮ ಪ್ರಶ್ನಾವಳಿಯನ್ನು ಅವನಿಗೆ ಕೊಟ್ಟರೆ ಒಟ್ಟು ಅಂಕ ಚೆನ್ನಾಗಿಯೇ ಬರುತ್ತದೆ. ಸಂಶೋಧಕನ ಕೋಷ್ಟಕದಲ್ಲಿ ಅವನು ‘ಆತ್ಮಕಲ್ಪನೆ ಉತ್ತಮ, ಪ್ರಗತಿ ಕನಿಷ್ಠ’ ಎಂಬ ಅಪವಾದವಾಗಿ ಕಾಣಿಸಿಕೊಳ್ಳುತ್ತಾನೆ. ಅವನು ಅಪವಾದವಲ್ಲ. ಶಾಲೆಯು ತನಗೆ ಕೊಡದ ಮಾನವನ್ನು ಬೇರೆಡೆ ಗಳಿಸಿಕೊಂಡು ಶಾಲೆಯನ್ನು ಬಿಟ್ಟುಕೊಟ್ಟವನು. ೦.೨೧ ಎಂಬ ಕ್ಷೀಣ ಸಂಖ್ಯೆಯ ಒಳಗೆ ಇಂಥ ಎಷ್ಟು ಮಕ್ಕಳು ಅಡಗಿರಬಹುದು!

ಈಗ ಭಾಷೆಯ ಪ್ರಶ್ನೆಗೆ ಬರೋಣ. ೧೯೭೬ರಲ್ಲಿ ಶೇವಲ್‌ಸನ್ ಮತ್ತು ಅವರ ಜೊತೆಗಾರರು ಆತ್ಮಕಲ್ಪನೆ ಒಂದಲ್ಲ, ಅನೇಕವೆಂದು ಪ್ರತಿಪಾದಿಸಿದರು. ಮಾರ್ಷ್ ೧೯೮೬ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಭಾಷೆಯ ಅಂಕಗಳೂ ಗಣಿತದ ಅಂಕಗಳೂ ಒಂದಕ್ಕೊಂದು ನಿಕಟವಾಗಿದ್ದರೂ ‘ಭಾಷೆಯಲ್ಲಿ ನಾನು’, ‘ಗಣಿತದಲ್ಲಿ ನಾನು’ ಎಂಬ ಎರಡು ಕಲ್ಪನೆಗಳಿಗೆ ಪರಸ್ಪರ ಸಂಬಂಧ ಇಲ್ಲವೆನ್ನುವಷ್ಟು ಕಡಿಮೆಯೆಂದು ತೋರಿಸಿದರು. ಮಗು ತನ್ನನ್ನು ನೆರೆಯವರೊಡನೆ ಮಾತ್ರವಲ್ಲ, ತನ್ನ ಒಂದು ವಿಷಯವನ್ನು ಇನ್ನೊಂದು ವಿಷಯದೊಡನೆಯೂ ತೂಗಿ ನೋಡುತ್ತದೆ ಎಂಬುದೇ ಇದಕ್ಕೆ ಕಾರಣ. ಪಾಶ್ಚಾತ್ಯ ಶಾಸ್ತ್ರಕ್ಕೆ ಇದು ಬಹು ಪರಿಶ್ರಮದಿಂದ ದೊರೆತ ಸಿದ್ಧಾಂತ. ಕನ್ನಡದ ಮಗುವಿಗೆ ಇದು ವ್ಯಾಕರಣದಲ್ಲಿಯೇ ದೊರೆತಿದೆ.

ನಮ್ಮ ಮಗು ತನ್ನ ಬಲ್ಮೆಯನ್ನು ಹೇಗೆ ಹೇಳುತ್ತದೆ? ‘ನನಗೆ ಲೆಕ್ಕ ಬರುತ್ತದೆ, ಇಂಗ್ಲಿಷ್ ಬರುವುದಿಲ್ಲ’ ಎನ್ನುತ್ತದೆ. ಈ ವಾಕ್ಯದಲ್ಲಿ ‘ನಾನು’ ಕರ್ತೃವಲ್ಲ. ಬರುವುದು ಲೆಕ್ಕ, ಅದು ಬಂದು ಸೇರುವ ಸ್ಥಾನ ಮಾತ್ರ ‘ನಾನು’, ಅದೂ ಚತುರ್ಥೀ ವಿಭಕ್ತಿಯಲ್ಲಿ. ‘ವಿದ್ಯೆ ಹತ್ತಿತು’, ‘ಪಾಠ ತಿಳಿಯಿತು’, ‘ಈಜು ಬಂತು’ ಎಂಬ ನುಡಿಗಟ್ಟುಗಳೂ ಇದೇ ಜಾತಿಯವು. ಇಂಥ ವಾಕ್ಯಕ್ಕೆ ಎರಡು ಗುಣಗಳಿವೆ. ಅದು ಪ್ರತಿಯೊಂದು ವಿಷಯವನ್ನು ಬೇರೆ ಬೇರೆ ಹೇಳುತ್ತದೆ. ಬಾರದಿರುವುದನ್ನು ಹೇಳುವಾಗಲೂ ಬರುವ ಬಾಗಿಲನ್ನು ಮುಚ್ಚುವುದಿಲ್ಲ. ‘ಬರುವುದಿಲ್ಲ’ ಎಂಬುದಕ್ಕೆ ‘ಇನ್ನೂ’ ಎಂಬ ಶಬ್ದವನ್ನು ಸೇರಿಸಿದರೆ ಸಾಕು, ವಾಕ್ಯವು ಮುಂದಿನ ದಿನಗಳ ಕಡೆಗೆ ತಿರುಗುತ್ತದೆ. ಇದು ವರದಿಯ ವಾಕ್ಯ.

ಇದರ ಎದುರಿಗೆ ಇನ್ನೊಂದು ಶಬ್ದವನ್ನು ನಿಲ್ಲಿಸಿ ನೋಡಬೇಕು. ಅದು ‘ದಡ್ಡ’. ಇದು ನಾಮಪದ. ಇದಕ್ಕೆ ಲಿಂಗವುಂಟು, ವಚನವುಂಟು: ದಡ್ಡ, ದಡ್ಡಿ, ದಡ್ಡರು. ವಿಷಯ ಮಾತ್ರ ಇಲ್ಲ. ಯಾವುದರಲ್ಲಿ ದಡ್ಡ ಎಂದು ಕೇಳುವ ಪದ್ಧತಿಯೇ ನಮ್ಮಲ್ಲಿಲ್ಲ. ಭಾಗಾಕಾರದಲ್ಲಿ ತಪ್ಪಿದವನೂ ದಡ್ಡ, ಪದ್ಯವನ್ನು ಕಂಠಪಾಠ ಮಾಡದವನೂ ದಡ್ಡ, ಕೇಳಿದ ಪ್ರಶ್ನೆಗೆ ಸುಮ್ಮನೆ ನಿಂತವಳೂ ದಡ್ಡಿ. ‘ಬರುವುದಿಲ್ಲ’ ಎಂಬುದು ಒಂದು ಕ್ರಿಯೆಯನ್ನು ಕುರಿತದ್ದು. ‘ದಡ್ಡ’ ಎಂಬುದು ಆಳನ್ನು ಕುರಿತದ್ದು. ಮೊದಲನೆಯದು ವರದಿ, ಎರಡನೆಯದು ತೀರ್ಪು. ಜಾಣ, ಚುರುಕು, ನಮ್ಮ ಕಡೆಯ ‘ಶ್ಯಾಣ್ಯಾ’ ಇವೂ ತೀರ್ಪುಗಳೇ ಎಂಬುದನ್ನು ಮರೆಯಬಾರದು. ಒಮ್ಮೆ ಶ್ಯಾಣ್ಯಾ ಎನಿಸಿಕೊಂಡವನು ತನಗೆ ತಿಳಿಯದ್ದನ್ನು ‘ತಿಳಿಯಲಿಲ್ಲ’ವೆಂದು ಹೇಳಲು ಅಂಜುವುದನ್ನು ಪ್ರತಿಯೊಬ್ಬ ಶಿಕ್ಷಕನೂ ಕಂಡಿರುತ್ತಾನೆ.

ಹುಕ್ಕೇರಿ ತಾಲೂಕಿನಲ್ಲಿ ದಡ್ಡಿಯೆಂಬ ಊರಿದೆ. ಆ ಹೆಸರನ್ನು ಕೇಳಿ ನಗುವವರು ಕನ್ನಡ ನಿಘಂಟನ್ನು ನೋಡಿಲ್ಲವೆಂದು ಹೇಳಬೇಕಾಗುತ್ತದೆ. ದನಕರುಗಳನ್ನು ಕೂಡುವ ಬೇಲಿಗೆ ದಡ್ಡಿಯೆಂಬ ಹಳೆಯ ಹೆಸರಿದೆ, ಪಶುಪಾಲಕರ ನಾಡಿನಲ್ಲಿ ಊರಿಗೆ ಅಂಥ ಹೆಸರು ಬರುವುದು ಸ್ವಾಭಾವಿಕ. ಶಬ್ದಸಾಮ್ಯ ಆಕಸ್ಮಿಕ. ಆದರೆ ಊರಿನ ಹೆಸರನ್ನು ಕೇಳಿ ಬೇಲಿಯನ್ನು ನೆನೆಯದೆ ಮಂದಬುದ್ಧಿಯ ಹುಡುಗಿಯನ್ನು ನೆನೆಯುವಷ್ಟು ಆ ಬೈಗುಳ ನಮ್ಮ ಕಿವಿಯಲ್ಲಿ ನೆಲೆಸಿದೆಯೆಂಬುದು ಗಮನಿಸತಕ್ಕ ಅಂಶ.

ಈ ಸೀಮೆಯಲ್ಲಿ ತೀರ್ಪಿಗೂ ವರದಿಗೂ ಇರುವ ಅಂತರ ಬರಿಯ ವ್ಯಾಕರಣದ ಮಾತಲ್ಲ. ಘಟಪ್ರಭೆಯ ನೀರಾವರಿ ಕಬ್ಬನ್ನು ತಂದಿತು, ಕಬ್ಬು ಕಾರಖಾನೆಗಳನ್ನು ತಂದಿತು. ದೀಪಾವಳಿಯ ಆಸುಪಾಸಿನಿಂದ ಬೇಸಿಗೆಯ ಮೊದಲವರೆಗೆ ಕಬ್ಬು ಕಡಿಯುವ ಕುಟುಂಬಗಳು ಹೊಲದಿಂದ ಹೊಲಕ್ಕೆ ಸಾಗುತ್ತವೆ. ಮಕ್ಕಳೂ ಜೊತೆಗೆ ಸಾಗುತ್ತಾರೆ. ಕುರಿ ಕಾಯುವವರ ವಲಸೆಯೂ ಉಂಟು. ಹೀಗೆ ಎರಡು ತಿಂಗಳು ಶಾಲೆ ತಪ್ಪಿದ ನಾಲ್ಕನೆಯ ತರಗತಿಯ ಮಗು ಹಿಂದಿರುಗಿ ಬಂದಾಗ ತರಗತಿಯು ಭಾಗಾಕಾರವನ್ನು ಮುಗಿಸಿ ಭಿನ್ನರಾಶಿಗೆ ಹೋಗಿರುತ್ತದೆ. ‘ನನಗ ಭಾಗಾಕಾರ ಬರಂಗಿಲ್ಲ’ ಎಂದು ಆ ಮಗು ಹೇಳಿದರೆ ಅದು ನೂರಕ್ಕೆ ನೂರು ಸತ್ಯ. ಅದರಲ್ಲಿ ಕಾರಣವೂ ಅಡಗಿದೆ, ಪರಿಹಾರವೂ ಅಡಗಿದೆ. ‘ದಡ್ಡ’ ಎಂದು ಶಿಕ್ಷಕನು ಹೇಳಿದರೆ ಅದು ಸುಳ್ಳು. ಅದರಲ್ಲಿ ಕಬ್ಬಿಲ್ಲ, ಹಾಜರಿಯಿಲ್ಲ, ತಪ್ಪಿದ ಪಾಠವಿಲ್ಲ. ಒಂದೆರಡು ವರ್ಷ ಕಳೆದ ಮೇಲೆ ಮಗುವು ತನ್ನ ವರದಿಯನ್ನು ಬಿಟ್ಟು ಶಿಕ್ಷಕನ ತೀರ್ಪನ್ನು ತನ್ನ ಮಾತಾಗಿ ಹೇಳತೊಡಗುತ್ತದೆ. ಆತ್ಮಕಲ್ಪನೆಯ ಪ್ರಶ್ನಾವಳಿಯನ್ನು ನಾವು ಹಿಡಿದುಕೊಂಡು ಹೋಗುವುದು ಬಹುತೇಕ ಈ ಘಟ್ಟದಲ್ಲಿ. ಆಗ ನಮಗೆ ದೊರೆಯುವುದು ಮಗುವಿನ ಕಲ್ಪನೆಯೋ, ಮಗುವಿನ ಬಾಯಿಂದ ಹೊರಟ ಶಾಲೆಯ ಕಲ್ಪನೆಯೋ? ಶಾಲೆಯೇ ಕೊಟ್ಟ ಅಂಕಗಳೊಡನೆ ಅದನ್ನು ಹೋಲಿಸಿ ಸಹಸಂಬಂಧವಿದೆಯೆಂದು ಸಂತೋಷಪಡುವುದು, ಒಬ್ಬನೇ ಸಾಕ್ಷಿಯನ್ನು ಎರಡು ಸಲ ಕರೆದು ಇಬ್ಬರ ಸಾಕ್ಷ್ಯ ಹೊಂದಿಕೊಂಡಿತೆಂದು ಬರೆದುಕೊಂಡಂತೆ.

ನುಡಿಯ ವಿಷಯದಲ್ಲಿ ಈ ಪ್ರದೇಶಕ್ಕೆ ಇನ್ನೂ ಒಂದು ತೊಡಕಿದೆ. ಗಡಿಯ ಹಳ್ಳಿಗಳಲ್ಲಿ ಅನೇಕ ಮಕ್ಕಳ ಮನೆಮಾತು ಮರಾಠಿ. ಕನ್ನಡವೇ ಮನೆಮಾತಾದ ಮಕ್ಕಳಿಗೂ ಪಠ್ಯಪುಸ್ತಕದ ಕನ್ನಡ ಅರ್ಧ ಪರಕೀಯ. ‘ನಾ ಸಾಲಿಗೆ ಹೋಗಾಕತ್ತೇನಿ’ ಎಂದು ನಿರರ್ಗಳವಾಗಿ ಮಾತನಾಡುತ್ತಿದ್ದ ಮಗುವಿಗೆ ತರಗತಿಯಲ್ಲಿ ಮೊದಲು ದೊರೆಯುವ ತಿಳಿವಳಿಕೆ ‘ನಿನ್ನ ಮಾತು ತಪ್ಪು’ ಎಂಬುದು. ತಪ್ಪಿಗೆ ಅಂಜಿ ಮಗು ಸುಮ್ಮನಾಗುತ್ತದೆ. ಸುಮ್ಮನಿರುವ ಮಗುವಿಗೆ ಉತ್ತರ ಬಾರದೆಂದು ಎಣಿಸಲಾಗುತ್ತದೆ. ಗೋಕಾಕರ ಹೆಸರಿನ ವರದಿ ೧೯೮೧ರಲ್ಲಿ ಸರಕಾರಕ್ಕೆ ಸಲ್ಲಿಸಲ್ಪಟ್ಟು, ಕನ್ನಡಕ್ಕೆ ಶಾಲೆಯಲ್ಲಿ ಯಾವ ಸ್ಥಾನವೆಂಬುದಕ್ಕಾಗಿ ನಾಡಿನಲ್ಲೆಲ್ಲ ಚಳವಳಿ ನಡೆಯಿತು. ಯಾವ ಕನ್ನಡಕ್ಕೆ ಯಾವ ಸ್ಥಾನವೆಂಬ ಪ್ರಶ್ನೆ ಆ ಗದ್ದಲದಲ್ಲಿ ಏಳಲಿಲ್ಲ. ಇಂದಿಗೂ ಅದು ಹಾಗೆಯೇ ಉಳಿದಿದೆಯೆನ್ನಬಹುದು.

ಇಷ್ಟು ಹೇಳಿದ ಮೇಲೆ ನಮ್ಮಲ್ಲಿ ಬಳಕೆಯಲ್ಲಿರುವ ಮಾಪನಸಾಧನಗಳನ್ನು ನೋಡಬಹುದು. ಅಮೇರಿಕದ ಪಿಯರ್ಸ್ ಮತ್ತು ಹ್ಯಾರಿಸ್ ಅವರು ಅರವತ್ತರ ದಶಕದಲ್ಲಿ ರಚಿಸಿದ ಸಾಧನದಲ್ಲಿ ೮೦ ಹೇಳಿಕೆಗಳಿವೆ. ಮಗು ಹೌದು ಅಥವಾ ಅಲ್ಲ ಎನ್ನಬೇಕು. ೧೯೮೪ರ ಸಾರಸ್ವತರ ಪ್ರಶ್ನಾವಳಿಯಲ್ಲಿ ೪೮ ಪ್ರಶ್ನೆಗಳು. ದೈಹಿಕ, ಸಾಮಾಜಿಕ, ಸ್ವಭಾವಸಂಬಂಧಿ, ಶೈಕ್ಷಣಿಕ, ನೈತಿಕ, ಬೌದ್ಧಿಕ ಎಂದು ಆರು ಮುಖಗಳು. ಎರಡನೆಯದು ಭಾರತೀಯ ಮಕ್ಕಳನ್ನು ಮನಸ್ಸಿನಲ್ಲಿಟ್ಟು ರಚಿಸಿದ್ದಾದುದರಿಂದ ಮೊದಲನೆಯದಕ್ಕಿಂತ ಮೇಲೆಂದು ಒಪ್ಪಬೇಕು. ಆದರೂ ಎರಡರಲ್ಲಿಯೂ ಕೊನೆಗೆ ಎಲ್ಲವನ್ನೂ ಕೂಡಿಸಿ ಒಂದು ಸಂಖ್ಯೆಯನ್ನು ಪಡೆಯಬಹುದಾಗಿದೆ, ನಮ್ಮ ಪ್ರಬಂಧಕಾರರು ಆ ಒಂದು ಸಂಖ್ಯೆಯನ್ನೇ ಹೆಚ್ಚಾಗಿ ಬಳಸುತ್ತಾರೆ. ಕುಸ್ತಿಯ ಹೆಮ್ಮೆಯೂ ಲೆಕ್ಕದ ಅಂಜಿಕೆಯೂ ಕೂಡಿ ‘ಮಧ್ಯಮ ಆತ್ಮಕಲ್ಪನೆ’ ಆಗುತ್ತದೆ! ಭಾಷಾಂತರದಲ್ಲಿ ಇನ್ನೂ ಒಂದು ಅಪಾಯವಿದೆ. ಇಂಗ್ಲಿಷಿನಲ್ಲಿ ಮಗು ತನ್ನನ್ನು ವಿಶೇಷಣದಿಂದ ಬಣ್ಣಿಸಿಕೊಳ್ಳುವುದು ಸಹಜವಾಗಿದ್ದೀತು. ಕನ್ನಡದಲ್ಲಿ ‘ನಾನು ಜಾಣನಾಗಿದ್ದೇನೆ’ ಎಂಬ ವಾಕ್ಯ ಮೊದಲು ಕಿವಿಗೆ ಒರಟು. ಎರಡನೆಯದಾಗಿ, ಮರ್ಯಾದೆಯಿಂದ ಬೆಳೆದ ಮಗು ತನ್ನ ಬಾಯಿಂದ ಅಂಥ ಮಾತನ್ನು ಆಡುವುದಿಲ್ಲ. ಅದಕ್ಕೆ ‘ಅಲ್ಲ’ ಎಂದು ಗುರುತು ಹಾಕಿದ ಮಗುವಿಗೆ ಆತ್ಮಕಲ್ಪನೆ ಕಡಿಮೆಯೋ ವಿನಯ ಹೆಚ್ಚೋ, ಪ್ರಶ್ನಾವಳಿ ಹೇಳಲಾರದು. ತನ್ನ ನುಡಿಯಲ್ಲಿ ವಿಷಯವಾರು ವರದಿ ಮಾಡಲು ಸಮರ್ಥವಾದ ಮಗುವನ್ನು ಹಿಡಿದು, ತನ್ನ ಮೇಲೆ ತಾನೇ ತೀರ್ಪು ಬರೆದುಕೊಡೆಂದು ನಾವು ಕೇಳುತ್ತಿದ್ದೇವೆ. ಶಾಲೆಯು ಮಾತಿನಲ್ಲಿ ಮಾಡುವುದನ್ನೇ ಸಂಶೋಧನೆಯು ಕಾಗದದ ಮೇಲೆ ಮಾಡುತ್ತದೆ.

ಇತರರ ತೀರ್ಪಿಗೆ ಅಷ್ಟೊಂದು ಬಲವುಂಟೇ ಎಂದು ಸಂದೇಹಿಸುವವರು ರೋಜೆಂಥಾಲ್ ಮತ್ತು ಜೇಕಬ್‌ಸನ್ ಅವರ ೧೯೬೮ರ ಪ್ರಯೋಗವನ್ನು ನೆನೆಯುವುದುಂಟು. ಚೀಟಿಯೆತ್ತಿದಂತೆ ಯಾದೃಚ್ಛಿಕವಾಗಿ ಆರಿಸಿದ ಮಕ್ಕಳನ್ನು ‘ಇವರು ಈ ವರ್ಷ ಅರಳುವವರು’ ಎಂದು ಶಿಕ್ಷಕರಿಗೆ ಹೇಳಿದಾಗ, ಒಂದು ಎರಡನೆಯ ತರಗತಿಗಳಲ್ಲಿ ಅಂಥ ಮಕ್ಕಳ ಬುದ್ಧಿಲಬ್ಧ ಏರಿತೆಂದು ಅವರು ವರದಿ ಮಾಡಿದರು. ಮೇಲಿನ ತರಗತಿಗಳಲ್ಲಿ ಏನೂ ಆಗಲಿಲ್ಲ. ಕೆಳಗಿನ ತರಗತಿಗಳ ಮಾಪನವೇ ದೋಷಯುಕ್ತವೆಂದು ಥಾರ್ನ್‌ಡೈಕ್ ಆಕ್ಷೇಪಿಸಿದರು. ಆದುದರಿಂದ ಆ ಪ್ರಯೋಗದ ಮೇಲೆ ಹೆಚ್ಚು ಭಾರ ಹಾಕುವುದು ಉಚಿತವಲ್ಲ. ನಮಗೆ ಅದಕ್ಕಿಂತ ಹತ್ತಿರದ, ಅದಕ್ಕಿಂತ ಕಟುವಾದ ಪ್ರಯೋಗ ಇನ್ನೊಂದಿದೆ. ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಅವರು ಉತ್ತರಪ್ರದೇಶದ ಹಳ್ಳಿಗಳಲ್ಲಿ ಆರು ಮತ್ತು ಏಳನೆಯ ತರಗತಿಯ ಹುಡುಗರಿಗೆ, ಕಾಗದದ ಮೇಲೆ ಬರೆದ ಚಕ್ರವ್ಯೂಹದಂಥ ಚಿತ್ರಗಳಿಂದ ಹೊರಬರುವ ದಾರಿಯನ್ನು ಗೆರೆ ಎಳೆದು ತೋರಿಸುವ ಕೆಲಸವನ್ನು ಕೊಟ್ಟರು. ಜಾತಿಯ ಪ್ರಸ್ತಾಪವಿಲ್ಲದಾಗ ಮೇಲುಜಾತಿಯ ಮತ್ತು ಕೆಳಜಾತಿಯೆನಿಸಿಕೊಂಡವರ ಮಕ್ಕಳ ಸಾಧನೆಯಲ್ಲಿ ಗಣನೀಯ ಅಂತರವಿರಲಿಲ್ಲ. ಹೆಸರು, ಊರು, ತಂದೆಯ ಹೆಸರು, ಜಾತಿ ಇವನ್ನು ಎಲ್ಲರೆದುರು ಓದಿ ಹೇಳಿದ ಗುಂಪುಗಳಲ್ಲಿ ಕೆಳಜಾತಿಯ ಹುಡುಗರ ಸಾಧನೆ ಸ್ಪಷ್ಟವಾಗಿ ಕುಸಿಯಿತು. ೨೦೦೬ರಲ್ಲಿ ಇದು ವಿದ್ವತ್ಪತ್ರಿಕೆಯಲ್ಲಿ ಪ್ರಕಟವಾಯಿತು.

ಈ ಪ್ರಯೋಗದಲ್ಲಿ ಯಾರೂ ಯಾರನ್ನೂ ದಡ್ಡನೆನ್ನಲಿಲ್ಲ. ಒಂದು ಯಾದಿಯನ್ನು ಓದಲಾಯಿತು, ಅಷ್ಟೇ. ಬೆಳಗಾವಿ ಜಿಲ್ಲೆಯ ಶಾಲೆಗಳಲ್ಲಿ ಅಂಥ ಯಾದಿಯನ್ನು ದಿನವೂ ಓದಲಾಗುತ್ತದೆ. ಇಲ್ಲಿ ಅಡ್ಡಹೆಸರುಗಳು ಕಂಬಾರ, ಕುಂಬಾರ, ಬಡಿಗೇರ, ಮಡಿವಾಳರ ಎಂದು ಕುಲಕಸಬನ್ನು ಸಾರುತ್ತವೆ. ಹಾಜರಿ ಕೂಗಿದೊಡನೆ ತರಗತಿಗೆಲ್ಲ ಯಾರು ಯಾರೆಂಬುದು ತಿಳಿಯುತ್ತದೆ. ಹೆಸರುಗಳನ್ನು ಬದಲಿಸಬೇಕೆಂದು ಇದರ ಅರ್ಥವಲ್ಲ. ಆ ಹೆಸರುಗಳಲ್ಲಿ ನಾಚತಕ್ಕದ್ದೇನೂ ಇಲ್ಲ. ಆದರೆ ‘ಆತ್ಮ’ಕಲ್ಪನೆಯೆಂದು ನಾವು ಅಳೆಯುವ ವಸ್ತುವಿನಲ್ಲಿ ಮಗುವಿನದು ಎಷ್ಟು, ಮನೆತನದ ಬಗ್ಗೆ ಊರು ಹೇಳುತ್ತ ಬಂದದ್ದು ಎಷ್ಟು ಎಂಬುದನ್ನು ವಿಂಗಡಿಸದೆ ಬರೆದ ಪ್ರಬಂಧ ಅಪೂರ್ಣ.

ಹೋಲಿಕೆಯ ಇನ್ನೊಂದು ಪರಿಣಾಮವನ್ನು ಸಂಕ್ಷೇಪವಾಗಿ ಹೇಳಿ ಮುಂದುವರಿಯಬಹುದು. ಸಮಾನ ಸಾಮರ್ಥ್ಯದ ಇಬ್ಬರು ಮಕ್ಕಳಲ್ಲಿ, ಬಲ್ಲವರೇ ತುಂಬಿದ ಶಾಲೆಗೆ ಸೇರಿದವನ ಓದಿನ ಆತ್ಮಕಲ್ಪನೆ ಸಾಧಾರಣ ಶಾಲೆಯಲ್ಲಿರುವವನದಕ್ಕಿಂತ ತಗ್ಗುತ್ತದೆಂದು ಮಾರ್ಷ್ ಮತ್ತು ಪಾರ್ಕರ್ ೧೯೮೪ರಲ್ಲಿ ತೋರಿಸಿದರು. ಹಳ್ಳಿಯ ಶಾಲೆಯಲ್ಲಿ ಮೊದಲಿಗನಾಗಿದ್ದು ಪರೀಕ್ಷೆ ಬರೆದು ಆರನೆಯ ತರಗತಿಗೆ ನವೋದಯಕ್ಕೋ ಮೊರಾರ್ಜಿ ದೇಸಾಯಿ ವಸತಿ ಶಾಲೆಗೋ ಹೋದ ಮಗು ಮೊದಲ ವರ್ಷದಲ್ಲಿ ಮಂಕಾಗುವುದಕ್ಕೆ ಮನೆಯ ನೆನಪೊಂದೇ ಕಾರಣವಲ್ಲವೆಂದು ಪಾಲಕರು ತಿಳಿದಿರುವುದು ಒಳ್ಳೆಯದು.

ತೀರ್ಪಿಗೆ ಬದಲಾಗ ವರದಿಯನ್ನು ಇಟ್ಟುಕೊಂಡ ಪ್ರಯತ್ನ ನಮ್ಮ ನಾಡಿನಲ್ಲಿಯೇ ನಡೆದಿದೆ. ೧೯೯೫ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ, ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳ ಮಾದರಿಯಿಂದ ಪ್ರೇರಣೆ ಪಡೆದು ಆರಂಭವಾದ ನಲಿ-ಕಲಿ ಪದ್ಧತಿಯು ಮುಂದೆ ರಾಜ್ಯದ ಕನ್ನಡ ಶಾಲೆಗಳ ಮೊದಲ ತರಗತಿಗಳಿಗೆಲ್ಲ ವ್ಯಾಪಿಸಿತು. ಅಲ್ಲಿ ಒಂದು ಕಲಿಕಾ ಏಣಿಯಿದೆ, ಮೆಟ್ಟಿಲುಗಳಿಗೆ ಚಿತ್ರಗಳಿವೆ, ಮಗು ತಾನು ಯಾವ ಮೆಟ್ಟಿಲಲ್ಲಿದ್ದೇನೆಂದು ತಾನೇ ಗುರುತಿಸುತ್ತದೆ. ಕೆಲವು ದಿನ ಶಾಲೆ ತಪ್ಪಿದ ಮಗು ಹಿಂದಿರುಗಿದಾಗ ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ಮಕ್ಕಳು ಗುಂಪುಗಳಲ್ಲಿ ಕೂಡುತ್ತಾರೆ. ಶಿಕ್ಷಕರ ಪೂರ್ಣ ಬೆಂಬಲದ ಗುಂಪಿನಿಂದ ಸ್ವಕಲಿಕೆಯ ಗುಂಪಿನವರೆಗೆ. ಆದರೆ ಗುಂಪು ಚಟುವಟಿಕೆಗೆ ತಕ್ಕಂತೆ ಬದಲಾಗುವುದರಿಂದ ಇಂದು ಒಂದು ತಟ್ಟೆಯಲ್ಲಿ ಕುಳಿತವನು ನಾಳೆ ಇನ್ನೊಂದರಲ್ಲಿ ಕೂಡುತ್ತಾನೆ. ‘ನೀನು ಎಲ್ಲಿರುವೆ’ ಎಂದು ಏಣಿ ಹೇಳುತ್ತದೆ. ‘ನೀನು ಎಂಥವನು’ ಎಂದು ಹೇಳುವುದಿಲ್ಲ. ಕಬ್ಬಿನ ಸೀಮೆಗೆ ಹೇಳಿ ಮಾಡಿಸಿದಂಥ ವ್ಯವಸ್ಥೆ ಇದು. ಇದರ ದೋಷಗಳನ್ನು, ಮುಖ್ಯವಾಗಿ ಒಬ್ಬನೇ ಶಿಕ್ಷಕನ ಮೇಲೆ ಬೀಳುವ ಭಾರವನ್ನು, ಶಿಕ್ಷಕರು ಹೇಳುವುದರಲ್ಲಿ ತಥ್ಯವಿದೆ. ನಮ್ಮ ದೃಷ್ಟಿಯಿಂದ ಅದಕ್ಕಿಂತ ದೊಡ್ಡ ಕೊರತೆಯೆಂದರೆ, ನಾಲ್ಕನೆಯ ತರಗತಿಗೆ ಕಾಲಿಟ್ಟೊಡನೆ ಏಣಿ ಮಾಯವಾಗಿ, ಎಲ್ಲರಿಗೂ ಒಂದೇ ಪಾಠ ಒಂದೇ ದಿನ ನಡೆಯುವ ಹಳೆಯ ತರಗತಿ ಎದುರಾಗುತ್ತದೆ. ಭಾಗಾಕಾರ ತಪ್ಪುವುದು ಅಲ್ಲಿಯೇ.

೨೦೦೯ರ ಶಿಕ್ಷಣ ಹಕ್ಕಿನ ಕಾಯಿದೆಯ ೧೭ನೆಯ ಕಲಮು ದೈಹಿಕ ಶಿಕ್ಷೆಯನ್ನಲ್ಲದೆ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಬೆತ್ತ ಬಹುಮಟ್ಟಿಗೆ ಮರೆಯಾಯಿತು. ‘ದಡ್ಡ’ ಎಂಬ ಶಬ್ದವನ್ನು ಯಾರೂ ಹಿಂಸೆಯೆಂದು ಎಣಿಸಿದಂತಿಲ್ಲ. ಅದು ಸಲಿಗೆಯ ಮಾತೆಂದೇ ವಾದಿಸುವವರಿದ್ದಾರೆ. ಸಲಿಗೆಯೂ ಇರಬಹುದು. ಮನೆಯಲ್ಲಿ ಅಜ್ಜಿ ‘ದಡ್ಡಿ, ಇಷ್ಟೂ ತಿಳಿಯಲಿಲ್ಲವೇ’ ಎಂದರೆ ಮೊಮ್ಮಗಳು ನಗುತ್ತಾಳೆ, ಏಕೆಂದರೆ ಅಜ್ಜಿಯ ಕೈಯಲ್ಲಿ ಅಂಕಪಟ್ಟಿಯಿಲ್ಲ.

ಇಂಥ ಚರ್ಚೆಗಳಲ್ಲಿ ಎಲ್ಲ ಅಡೆತಡೆಗಳನ್ನು ಗೆದ್ದು ಮೇಲೆ ಬಂದವರ ಉದಾಹರಣೆಯನ್ನು ಕೊಡುವ ವಾಡಿಕೆಯುಂಟು. ಈ ಸೀಮೆಯವರಾದರೆ ಚಂದ್ರಶೇಖರ ಕಂಬಾರರ ಹೆಸರು ತಪ್ಪದೆ ಬರುತ್ತದೆ. ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ ೧೯೩೭ರಲ್ಲಿ ಹುಟ್ಟಿ, ಗೋಕಾಕದಲ್ಲಿ ಓದಿ, ಮುಂದೆ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಮೊದಲ ಕುಲಪತಿಗಳಾಗಿ, ೨೦೧೦ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿಯನ್ನು ಪಡೆದವರು ಅವರು. ಆತ್ಮವಿಶ್ವಾಸವಿದ್ದರೆ ಏನನ್ನೂ ಸಾಧಿಸಬಹುದೆಂಬ ಉಪದೇಶಕ್ಕೆ ಅವರ ಜೀವನವನ್ನು ಬಳಸುವವರು ನಡುವಿನ ಒಂದು ಸಂಗತಿಯನ್ನು ಬಿಟ್ಟುಬಿಡುತ್ತಾರೆ. ಬಡತನದಿಂದ ಅವರ ಶಾಲೆ ನಿಂತುಹೋಗಿತ್ತು. ಸಾವಳಗಿ ಮಠದ ಜಗದ್ಗುರು ಸಿದ್ಧರಾಮ ಸ್ವಾಮಿಗಳು ಅವರ ವಿದ್ಯಾಭ್ಯಾಸದ ಹೊಣೆ ಹೊತ್ತುದರಿಂದ ಅದು ಮುಂದುವರಿಯಿತು. ನಿಂತದ್ದು ಆತ್ಮಕಲ್ಪನೆಯ ಕೊರತೆಯಿಂದಲ್ಲ, ಮುಂದುವರಿದದ್ದು ಅದರ ವೃದ್ಧಿಯಿಂದಲೂ ಅಲ್ಲ. ಅದೇ ವರ್ಷಗಳಲ್ಲಿ ಶಾಲೆ ಬಿಟ್ಟು ಮತ್ತೆ ಬಾರದ ಅವರ ಓರಗೆಯವರ ಆತ್ಮಕಲ್ಪನೆ ಎಂಥದಿತ್ತೆಂದು ಯಾರೂ ಅಳೆದಿಲ್ಲ. ಉಳಿದವರನ್ನು ಮಾತ್ರ ಎಣಿಸುವ ಈ ದೋಷ ನಮ್ಮ ಪ್ರಬಂಧಗಳಲ್ಲಿಯೂ ಇದೆ: ಪ್ರೌಢಶಾಲೆಯಲ್ಲಿ ಕುಳಿತಿರುವ ಮಕ್ಕಳಿಗೆ ಮಾತ್ರ ಪ್ರಶ್ನಾವಳಿ ಹಂಚಲಾಗುತ್ತದೆ, ಯಾರ ವಿಷಯದಲ್ಲಿ ಈ ಪ್ರಶ್ನೆ ಅತ್ಯಂತ ಗಂಭೀರವೋ ಅವರು ಆ ದಿನ ಶಾಲೆಯಲ್ಲಿರುವುದಿಲ್ಲ.

ಬ್ರೂಕೋವರರ ಮುಂದಿನ ಕೆಲಸದಲ್ಲಿ ನಮಗೆ ಉಪಯುಕ್ತವಾದ ಒಂದು ಅಂಶವಿದೆ, ಅವರ ೦.೫೭ಕ್ಕೆ ದೊರೆತ ಪ್ರಸಿದ್ಧಿ ಅದಕ್ಕೆ ದೊರೆಯಲಿಲ್ಲ. ಓದಿನಲ್ಲಿ ಹಿಂದೆಬಿದ್ದ ಮಕ್ಕಳ ಆತ್ಮಕಲ್ಪನೆಯನ್ನು ಮೇಲೆತ್ತಲು ಅವರು ಮೂರು ದಾರಿಗಳನ್ನು ಪ್ರಯತ್ನಿಸಿದರು: ಹೊರಗಿನ ತಜ್ಞನ ಭಾಷಣ, ಶಾಲೆಯ ಸಲಹೆಗಾರನ ಮಾತುಕತೆ, ತಂದೆತಾಯಿಗಳ ಮೂಲಕ ಯತ್ನ. ಮೊದಲಿನ ಎರಡು ವ್ಯರ್ಥವಾದವು. ಮೂರನೆಯದು ಫಲ ಕೊಟ್ಟಿತು. ಯತ್ನ ನಿಂತ ಮೇಲೆ ಆ ಫಲ ನಿಲ್ಲಲಿಲ್ಲ. ನಮ್ಮ ಹಳ್ಳಿಗಳಲ್ಲಿ ‘ತಲಿಗೆ ಹತ್ತಂಗಿಲ್ಲ’ ಎಂಬ ಮಾತು ಹುಟ್ಟುವುದು ಶಾಲೆಯಲ್ಲಿ, ಬೇರೂರುವುದು ಮನೆಯಲ್ಲಿ. ಪಾಲಕರ ಸಭೆಯಲ್ಲಿ ಶಿಕ್ಷಕನು ‘ನಿಮ್ಮ ಮಗ ದಡ್ಡ’ ಎಂದರೆ ಅವರು ಅದನ್ನು ಹೊತ್ತುಕೊಂಡು ಹೋಗುತ್ತಾರೆ. ‘ನಿಮ್ಮ ಮಗನಿಗೆ ಕೂಡುವುದು ಕಳೆಯುವುದು ಬರುತ್ತದೆ, ಕಬ್ಬಿನ ಹಂಗಾಮಿನಲ್ಲಿ ಭಾಗಾಕಾರ ತಪ್ಪಿದೆ’ ಎಂದರೆ ಅದನ್ನೂ ಹೊತ್ತುಕೊಂಡು ಹೋಗುತ್ತಾರೆ.

ಈ ವಿಷಯದಲ್ಲಿ ಮುಂದೆ ಕೆಲಸ ಮಾಡುವವರಿಗೆ ಕೆಲವು ಸೂಚನೆಗಳನ್ನು ಮಾಡಬಹುದು. ಪ್ರಶ್ನೆಗಳು ಕನ್ನಡದ ಚತುರ್ಥಿಯಲ್ಲಿರಲಿ. ‘ನಿನಗೆ ಓದಲು ಬರುತ್ತದೆಯೇ, ಗುಣಾಕಾರ ಬರುತ್ತದೆಯೇ’ ಎಂದು ಒಂದೊಂದನ್ನೇ ಕೇಳಲಿ, ಉತ್ತರಗಳನ್ನು ಕೂಡಿಸದಿರಲಿ. ಅನಂತರವೇ ‘ಶಾಲೆಯಲ್ಲಿ ನಿನ್ನನ್ನು ಏನೆನ್ನುತ್ತಾರೆ, ಮನೆಯಲ್ಲಿ ಏನೆನ್ನುತ್ತಾರೆ’ ಎಂಬುದನ್ನು ಬೇರೆಯಾಗಿ ಕೇಳಲಿ. ವರದಿಗೂ ತೀರ್ಪಿಗೂ ಎಷ್ಟು ಅಂತರವೆಂಬುದು ಆಗ ಅಳತೆಗೆ ಸಿಕ್ಕೀತು. ಉತ್ತರವನ್ನು ಮಗುವಿನ ಮನೆಮಾತಿನಲ್ಲಿಯೇ ಬರೆದುಕೊಳ್ಳಲಿ, ‘ಬರಂಗಿಲ್ಲ’ವನ್ನು ‘ಬರುವುದಿಲ್ಲ’ವೆಂದು ತಿದ್ದದಿರಲಿ. ಅಳತೆಯು ವರ್ಷಕ್ಕೆ ಒಮ್ಮೆ ಸಾಲದು. ದೀಪಾವಳಿಯ ಮೊದಲು ಒಮ್ಮೆ, ಕಬ್ಬಿನ ಹಂಗಾಮು ಮುಗಿದ ಮೇಲೆ ಒಮ್ಮೆ ಆಗಬೇಕು. ನಡುವೆ ಶಾಲೆ ಬಿಟ್ಟವರನ್ನು ಅವರಿದ್ದಲ್ಲಿಗೆ ಹೋಗಿ ಕೇಳಬೇಕು. ಪರೀಕ್ಷೆಯ ಅಂಕಗಳ ಜೊತೆಗೆ ಹಾಜರಿ ಪುಸ್ತಕವನ್ನೂ ತರಿಸಿಕೊಳ್ಳಬೇಕು. ಮಗು ತಪ್ಪಿಸಿಕೊಂಡ ದಿನಗಳ ಲೆಕ್ಕ ಅದರಲ್ಲಿದೆ. ಆ ದಿನಗಳಲ್ಲಿ ನಡೆದ ಪಾಠ ಯಾವುದೆಂಬುದು ಶಿಕ್ಷಕನ ಪಾಠಟಿಪ್ಪಣಿಯಲ್ಲಿದೆ. ಈ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದ ಮೇಲೆ, ಪ್ರಗತಿಪತ್ರಕದ ಶೇರಾ ಕಾಲಮಿನಲ್ಲಿ ಶಿಕ್ಷಕನು ಆ ಮಗುವನ್ನು ಕುರಿತು ಬರೆದದ್ದೇನೆಂದು ಓದಬೇಕು.